ಸಾಲಿನ ಮೊದಲ ಹೆಸರು

ಮಸ್ಕಿಯ ಮನೆಯ ಪಡಸಾಲೆಯಲ್ಲಿ ಅಖ್ತರ್ ಅವರ ದೇಹಕ್ಕೆ ಕಫನ್ ಬಟ್ಟೆ ಸುತ್ತುತ್ತಿದ್ದಾಗಲೇ, ದೀಪಾ ಒಳಕೋಣೆಯ ಮೂಲೆಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದಳು. ಸಿಂಧನೂರಿನ ಆಸ್ಪತ್ರೆಯಿಂದ ಫೋನು ಬಂದಿತ್ತು.

"ರಕ್ತದ ದಾಖಲೆ ತೆರೀವಲ್ದು ಮೇಡಂ," ಎಂದಳು ಲ್ಯಾಬಿನ ಸುಭಾನಬಿ. "ಹೆರಿಗಿ ಆದಾಕಿಗೆ ರಕ್ತ ನಿಲ್ಲವಲ್ದು. ಆಕಿಗೆ ಯಾವ ಚೀಲ ಹೊಂದಿಸಿಟ್ಟೀವಿ ಗೊತ್ತಾಗವಲ್ದು. ಮತ್ತ ಪರೀಕ್ಷೆ ಮಾಡಾಕತ್ತೀವಿ, ಆದ್ರ ಹೊತ್ತು ಹಿಡಿತೈತಿ."

ಅಖ್ತರ್ ಅವರ ತಮ್ಮ ಇಲಿಯಾಸ್ ಬಾಗಿಲಲ್ಲಿ ನಿಂತ. "ಮಯ್ಯತ್ ಮನಿಯಾಗ ಆಫೀಸ್ ಕೆಲಸ ಏನ್ರಿ ಮೇಡಂ?"

"ಸರ್ ನೋಡ್ಕೊಳ್ತಿದ್ದ ಸರ್ವರ್ ರೀ. ನಿಂತುಬಿಟ್ಟೈತಿ."

"ಮಧ್ಯಾನ್ನದ ಜೊಹರ್ ನಮಾಜಿಗೆ ಒಯ್ಯಬೇಕು. ಲಗೂನ ಮುಗಿಸ್ರಿ."

*

ಲಿಂಗಸುಗೂರಿನಲ್ಲಿ ಅಖ್ತರ್ ಕಲಿಸುತ್ತಿದ್ದ ಟೈಪಿಂಗ್ ತರಗತಿಯಲ್ಲಿ ದೀಪಾ ವಿದ್ಯಾರ್ಥಿನಿಯಾಗಿದ್ದಳು. ತಮಗೆ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಸಿಕ್ಕ ಮೇಲೆ ಅವಳನ್ನೂ ಅಲ್ಲಿಗೆ ಕರೆಸಿಕೊಂಡಿದ್ದರು. ಹೋದ ತಿಂಗಳು ಸರ್ವರ್ ಮೇಲೆ ನಿಗಾ ಇಡುವ ವ್ಯವಸ್ಥೆ ಕೂಡಿಸುವಾಗ ಅವಳಿಗೆ ಬೇಸರ ಬಂದಿತ್ತು.

"ಚಲೋ ನಡದೈತಲ್ರಿ ಸರ್. ಕೆಟ್ಟಾಗ ನೋಡಿದ್ರಾತು."

"ಆರಾಮ ಇದ್ದಾಗ ಹೆಂಗಿರತೈತಿ ಅಂತ ಗೊತ್ತಿದ್ರ ಕೆಟ್ಟಿದ್ದು ತಿಳೀತೈತಿ," ಎನ್ನುತ್ತ ಮಂಡಕ್ಕಿ ಪೊಟ್ಟಣವನ್ನು ಅವಳತ್ತ ಸರಿಸಿದ್ದರು. "ಸರ್ವರ್ ನಿಂತಾಗ ಯಾರು ಕಾಯಾಕತ್ಯಾರ ಅಂತ ಅಷ್ಟ ನೋಡಬ್ಯಾಡ. ಯಾರ ಸಲುವಾಗಿ ಕಾಯಾಕತ್ಯಾರ, ಅದನ್ನ ನೋಡು."

*

ದೀಪಾಳ ಪರದೆಯ ಮೇಲೆ ಕಾಯುವವರ ಪಟ್ಟಿ ಮೂಡಿತು. ಲ್ಯಾಬು, ಹೆರಿಗೆ ವಾರ್ಡು, ಔಷಧದ ಕೌಂಟರು, ಎಲ್ಲವೂ ಒಂದರ ಕೆಳಗೊಂದು ಕಾಯುತ್ತಿದ್ದವು. ಕಾಯುತ್ತಿದ್ದುದು ಒಬ್ಬರಿಗಾಗಿ. ಸಾಲಿನ ಮೊದಲಿಗೇ ಅವರ ಹೆಸರಿತ್ತು: ಅಖ್ತರ್.

ದೀಪಾ ತಲೆಯೆತ್ತಿದಳು. ಕಿಟಕಿಯ ಬಳಿಯ ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್‌ನ ಪರದೆ ಇನ್ನೂ ಬೆಳಗುತ್ತಿತ್ತು.

"ಚಾಚಿ, ಸರ್ ಮುಂಜಾನಿ ಕೆಲಸಕ್ಕ ಕುಂತಿದ್ರೇನು?"

"ಹೂಂನವ್ವಾ," ಎಂದಳು ಅಖ್ತರ್ ಅವರ ಹೆಂಡತಿ ದಾವಲ್‌ಬೀ. "ನಸುಕಿನ ಫಜರ್ ನಮಾಜ್ ಮುಗಿಸಿ ಕುಂತ್ರು. ರಕ್ತದ ದಾಖಲೆ ತೆರಿಯೂದು ತಡ ಆಗಾಕತ್ತೈತಿ, ಸರಿ ಮಾಡ್ತೀನಿ ಅಂದ್ರು. ಅಲ್ಲೇ ಎದಿ ಹಿಡಕೊಂಡ್ರು. ಆ ಲ್ಯಾಪ್‌ಟಾಪ್ ನಾ ಯಾರಿಗೂ ಮುಟ್ಟಗೊಟ್ಟಿಲ್ಲ."

"ಆ ಕೆಲಸ ಅರ್ಧಕ್ಕ ನಿಂತೈತ್ರಿ. ಅದು ಮುಗಿಯೂತನಾ ಆ ದಾಖಲೆ ಯಾರಿಗೂ ತೆರಿಯಂಗಿಲ್ಲ." ದೀಪಾ ಚಾಚಿಯತ್ತ ತಿರುಗಿದಳು. "ನಾ ಈಗ ಸರ್‌ನ ಸಾಲಿನಿಂದ ಹೊರಗ ಹಾಕಬೇಕು. ಅವರು ಮುಂಜಾನಿ ಮಾಡಿದ್ದೆಲ್ಲಾ ಅಳಿಸಿ ಹೋಗತೈತಿ."

ಫೋನಿನಲ್ಲಿ ಸುಭಾನಬಿ, "ಮೇಡಂ, ಇದ್ದೀರೇನ್ರಿ?" ಎಂದಳು. ಪಡಸಾಲೆಯಲ್ಲಿ ಕೊನೆಯ ಸಲ ಮುಖ ನೋಡುವವರ ಅಳು ಏರಿತು.

"ಭಾಬಿ, ಹೊತ್ತಾತು," ಎಂದು ಇಲಿಯಾಸ್ ಕರೆದ.

ದಾವಲ್‌ಬೀ ಎದ್ದು ಬಂದು ದೀಪಾಳ ಪಕ್ಕದಲ್ಲಿ ಕುಳಿತಳು. "ಇದರಾಗ ಅವರ ಹೆಸರು ಯಾವುದು?"

ದೀಪಾ ತೋರಿಸಿದಳು. ಓದಲು ಬಾರದ ಆ ಅಕ್ಷರಗಳ ಮೇಲೆ ದಾವಲ್‌ಬೀ ಬೆರಳಿಟ್ಟಳು.

"ಆ ಹೆಣ್ಮಗಳು ಉಳೀಲಿ. ತೆಗಿಯವ್ವಾ."

ದೀಪಾ ಕೀಲಿ ಒತ್ತಿದಳು. ಹೊರಗೆ ಗಂಡಸರು ಜನಾಜಾ ಹೆಗಲಿಗೇರಿಸಿದರು.

"ತೆರೀತ್ರಿ ಮೇಡಂ, ಚೀಲ ಸಿಕ್ತು," ಎಂದು ಸುಭಾನಬಿ ಫೋನಿಟ್ಟಳು.

ಅಖ್ತರ್ ಹೆಸರಿದ್ದ ಜಾಗದಿಂದ ದಾವಲ್‌ಬೀ ಬೆರಳು ತೆಗೆದಿರಲಿಲ್ಲ. ಕಾಯುತ್ತಿದ್ದ ಹೆಸರುಗಳು ಒಂದೊಂದಾಗಿ ಮೇಲೆ ಸರಿದು, ಆ ಬೆರಳಿನ ಕೆಳಗೆ ಬಂದು, ದಾಟಿ ಹೋಗತೊಡಗಿದವು.