ಮಡಿಯಲ್ಲಿದ್ದ ಹಾರ್ಡ್ ಡಿಸ್ಕ್

ದೇವರ ಮನೆಯ ಹೊಸ್ತಿಲಾಚೆ, ಮಣೆಯ ಮೇಲೆ ಪೇರಿಸಿದ ಪುಸ್ತಕಗಳ ತುದಿಯಲ್ಲಿ ಮೃದುಲಾಳ ಹಾರ್ಡ್ ಡಿಸ್ಕ್ ಇತ್ತು. ಅದರ ಮೇಲೆ ಗಂಧ, ಅಕ್ಷತೆ, ಒಂದು ಸೇವಂತಿಗೆ. ಪಕ್ಕದಲ್ಲಿ ಸುತ್ತಿಟ್ಟ ಕೇಬಲ್ಲಿಗೂ ಕುಂಕುಮ ಹಚ್ಚಿದ್ದರು.

"ಇದನ್ನ ಇಲ್ಲೆ ಯಾರು ಇಟ್ಟಾರ?"

"ನಾ ಇಟ್ಟೀನಿ," ಎಂದ ಅವಳ ಅಣ್ಣ ವಿಜಯೀಂದ್ರ. "ಮೂಲಾ ನಕ್ಷತ್ರದ ದಿನ ಸರಸ್ವತಿ ಆವಾಹನ ಆಗೇದ. ನಾಳೆ ಶ್ರವಣಾಕ್ಕ ವಿಸರ್ಜನ. ಅಲ್ಲೀತನಕಾ ಪೂಜಾಕ್ಕ ಇಟ್ಟ ಪುಸ್ತಕ ತಗ್ಯಂಗಿಲ್ಲ, ಓದಂಗಿಲ್ಲ. ಹುಟ್ಟಿದಾಗಿಂದ ನೋಡೀದಿ, ಮತ್ತ ಹೇಳಬೇಕೇನು?"

"ಇದು ಪುಸ್ತಕ ಅಲ್ಲ."

"ಓದೂದಾದ್ರ ಪುಸ್ತಕನ."

ಅವನ ಮುಖದಲ್ಲಿದ್ದ ನೆಮ್ಮದಿ ನೋಡಿ ಮೃದುಲಾಳಿಗೆ ಎಲ್ಲ ಅರ್ಥವಾಯಿತು. ಡಿಸ್ಕ್ ಹುಡುಕಿಡು ಎಂದು ಅವಳು ಅವ್ವನಿಗೆ ಫೋನ್ ಮಾಡಿದ್ದಳು. ಹುಡುಕಿದವನು ಇವನು.

ಮೃದುಲಾ ಕಲಬುರಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಕೆಲವು ವರ್ಷಗಳ ಹಿಂದೆ ಕಮಲಾಪುರದ ಬಾವಿಗಳ ನೀರು ಪರೀಕ್ಷಿಸಿದಾಗ, ಅವರ ಮನೆತನದವರೇ ಪೂಜೆ ಮಾಡಿಕೊಂಡು ಬಂದ ಗುಡಿಯ ಬಾವಿಯಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಅವಳು ಹಾಗೆಯೇ ಬರೆದು ಕೊಟ್ಟಳು. ಬಾವಿಯ ಕಟ್ಟೆಗೆ 'ಕುಡಿಯಲು ಯೋಗ್ಯವಲ್ಲ' ಎಂಬ ಫಲಕ ಬಂತು. ಅದೇ ನೀರಿನ ತೀರ್ಥ ಕೊಡುತ್ತಿದ್ದ ಅರ್ಚಕ ವಿಜಯೀಂದ್ರ ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದ. ಚುಚ್ಚುವುದಿದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದ.

ಈಗ ಗುಡಿಯ ಕಮಿಟಿ ಕಾಲೇಜಿಗೆ ದೂರು ಕೊಟ್ಟಿತ್ತು. ನೀರಿನ ಮಾದರಿ ತೆಗೆಯಲು ಬಾವಿಗೆ ಯಾರೂ ಬಂದೇ ಇಲ್ಲ, ಕುಳಿತಲ್ಲೇ ಅಂಕಿ ಬರೆದಿದ್ದಾರೆ ಎಂದು. ಕೆಳಗೆ ಅರ್ಚಕರ ಸಹಿ. ಮಾದರಿ ತೆಗೆದ ಮೂಲ ಫೋಟೊಗಳನ್ನು ನವಮಿಯ ಸಂಜೆಯೊಳಗೆ ಮೇಲ್ ಮಾಡಬೇಕೆಂದು ವಿಚಾರಣೆಯವರು ಕೇಳಿದ್ದರು. ಹಬ್ಬವೆಂದು ಗಡುವು ಮುಂದೆ ಹೋಗಲಿಲ್ಲ. ಫೋಟೊ ಇಲ್ಲದಿದ್ದರೆ ಸುಳ್ಳು ಅಂಕಿ ಬರೆದವಳೆಂದು ಕೆಲಸ ಹೋಗುತ್ತಿತ್ತು. ಪ್ರಯೋಗಾಲಯದ ಕಂಪ್ಯೂಟರ್ ಕೆಟ್ಟಾಗ ಅದರೊಳಗಿನ ಪ್ರತಿ ಹೋಗಿತ್ತು. ಕಲಬುರಗಿಯಲ್ಲಿ ಬ್ರಹ್ಮಪುರದ ಮನೆ ಬಿಟ್ಟು ಐವಾನ್-ಎ-ಶಾಹಿಯ ಸಣ್ಣ ಮನೆಗೆ ಹೋಗುವಾಗ ಇಲ್ಲಿ, ತವರಿನಲ್ಲಿ, ತಂದಿಟ್ಟ ಡಬ್ಬಿಯೊಳಗಿನ ಈ ಡಿಸ್ಕ್ ಒಂದೇ ಉಳಿದಿತ್ತು. ಇವತ್ತು ನವಮಿ.

"ಅಣ್ಣಾ, ನನ್ನ ಕೆಲಸ ಹೋಗ್ತದ."

"ಗುಡೀದು ಮರ್ಯಾದಿ ಹೋತಲ್ಲ, ಅದಕ್ಕ ಯಾರು ಅತ್ತರು? ನಾಳೆ ಬಾ. ಹೋಳಿಗಿ ಊಟಾನೂ ಮಾಡಿ ಹೋಗು."

ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ತಾಯಿ ಪಾರ್ವತೀಬಾಯಿ ತಲೆ ಎತ್ತಲಿಲ್ಲ. ಮೃದುಲಾ ಮಡಿಯಲ್ಲಿರಲಿಲ್ಲ, ಹೊಸ್ತಿಲು ದಾಟುವಂತಿರಲಿಲ್ಲ. ಆಗ ಅವಳ ಕಣ್ಣಿಗೆ ದೀಪದ ಸಮೆಯ ಪಕ್ಕ ಗೋಡೆಗೆ ಒರಗಿಸಿಟ್ಟ ಅಣ್ಣನ ಮೊಬೈಲ್ ಬಿತ್ತು.

"ಮುಂಜಾನೆ ಸಂಕಲ್ಪಕ್ಕ ತಿಥಿ ನಕ್ಷತ್ರ ಎದರಾಗ ನೋಡಿದಿ?"

"ಯಾಕ?"

"ಅದರಾಗ ಓದಿದಿ. ಅಪ್ಪಗ ಪಂಚಾಂಗ ಬಾಯಾಗ ಇರ್ತಿತ್ತು, ನಿನಗ ಮೊಬೈಲ್ನಾಗ ಅದ. ಓದೂದಾದ್ರ ಪುಸ್ತಕನ ಅಂದೆಲ್ಲ, ಅದನ್ನೂ ಇಡು ಮಣಿ ಮ್ಯಾಲ. ಗಂಧಾನೂ ಹಚ್ಚು."

"ವಿತಂಡವಾದ ಕಲಿಸ್ತಾರೇನು ನಿಮ್ಮ ಕಾಲೇಜಿನಾಗ?"

"ಹೌದಲ್ಲೋ," ಎಂದಳು ಪಾರ್ವತೀಬಾಯಿ, ಬತ್ತಿಯ ಮೇಲಿಂದ ಕಣ್ಣು ತೆಗೆಯದೆ. "ಇಟ್ರ ಎರಡೂ ಇಡು. ತಗದ್ರ ಎರಡೂ ತಗಿ."

ಅಷ್ಟರಲ್ಲಿ ಮೊಬೈಲ್ ಮೊಳಗಿತು. ದಸರೆಯಲ್ಲಿ ಅರ್ಚಕನ ಫೋನ್ ಸುಮ್ಮನಿರುವುದಿಲ್ಲ. ಯಾರೋ ಅಂಗಡಿಯವರು ಆಯುಧಪೂಜೆಯ ಹೊತ್ತು ಕೇಳುತ್ತಿದ್ದರು. ವಿಜಯೀಂದ್ರ ಎತ್ತಬೇಕಾಯಿತು, ಎತ್ತಿ, ಪರದೆ ಸರಿಸಿ, ಓದಿ, ಹೊತ್ತು ಹೇಳಬೇಕಾಯಿತು. ಹೇಳಿ ಮುಗಿಸುವವರೆಗೂ ತಾಯಿ ಮಗಳು ಇಬ್ಬರೂ ಅವನನ್ನೇ ನೋಡಿದರು.

ಅವನು ಸಿಟ್ಟಿನಿಂದ ಸೇವಂತಿಗೆಯನ್ನು ಪಕ್ಕಕ್ಕಿಟ್ಟು ಡಿಸ್ಕ್ ಎತ್ತಿಕೊಂಡು ಹೊಸ್ತಿಲಿಗೆ ಬಂದ. "ಕೈ ಚಾಚು. ನಾ ಮಡಿಯೊಳಗ ಇದ್ದೀನಿ, ಮುಟ್ಟಬ್ಯಾಡ."

ಆ ಮನೆಯಲ್ಲಿ ಮಡಿಯಲ್ಲಿರುವವರು ಯಾವುದನ್ನೂ ಕೈಗೆ ಕೊಡುವುದಿಲ್ಲ, ಮೇಲಿನಿಂದ ಹಾಕುತ್ತಾರೆ. ಹೂವಾದರೂ, ಪ್ರಸಾದವಾದರೂ. ಈ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲಿಗಿಂತ ಸಣ್ಣ ಅಂತರದಲ್ಲಿ ಓಡಾಡುವ ಓದುವ ಮೊನೆ ಇದೆ, ಒಂದು ಪೆಟ್ಟು ಸಾಕು ಎಂಬುದು ಮೃದುಲಾಳಿಗೆ ಗೊತ್ತು. ಅವಳು ನೆಲದ ಮೇಲೆ ಕುಳಿತು ಸೆರಗನ್ನು ಮಡಿಕೆ ಮಡಿಕೆಯಾಗಿ ಮಡಿಲಲ್ಲಿ ಹರಡಿದಳು.

"ಅಬಾ, ಏನು ಭಕ್ತಿ!" ಎಂದ ವಿಜಯೀಂದ್ರ. ಕೈಯನ್ನು ಎದೆಯ ಮಟ್ಟದಿಂದ ಕೆಳಗಿಳಿಸದೆ ಡಿಸ್ಕ್ ಬಿಟ್ಟ. ಅದು ಸೆರಗಿನಲ್ಲಿ ದೊಪ್ಪನೆ ಬಿತ್ತು. ಕೇಬಲ್ ನೆಲಕ್ಕೆ ಬಿತ್ತು.

ಅವಳ ಹೊಸ ಲ್ಯಾಪ್‌ಟಾಪಿಗೆ ಇದ್ದವು ಎರಡೇ ಸಣ್ಣ ಚಪ್ಪಟೆ ಕಿಂಡಿಗಳು. ಹಳೆಯ ಕೇಬಲ್ಲಿಗೆ ಎರಡು ಅಗಲ ಪಿನ್ನುಗಳು: ಒಂದು ಮಾಹಿತಿಗೂ ಕರೆಂಟಿಗೂ, ಇನ್ನೊಂದು ಹೆಚ್ಚುವರಿ ಕರೆಂಟಿಗೆ. ನಡುವೆ ಹಾಕಲು ಹಲವು ಕಿಂಡಿಗಳ ಒಂದು ಹಬ್ ಅನ್ನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡು ತಂದಿದ್ದಳು. ಆದರೆ ಡಿಸ್ಕಿನ ಕಿಂಡಿಯೊಳಗೇ ಗಂಧ ಹೋಗಿ ಒಣಗಿತ್ತು.

"ಟಾಚಣಿ ಕೊಡ್ಲೇನು?" ಎಂದ ಅಣ್ಣ.

ಗುಂಡುಸೂಜಿ ಹಾಕಿದರೆ ಒಳಗಿನ ತೆಳು ತಗಡುಗಳು ಬಾಗುತ್ತವೆ. ಪಾರ್ವತೀಬಾಯಿ ಉರಿದು ಮುಗಿದ ಊದಿನಕಡ್ಡಿಯ ಬಿದಿರ ತುದಿ ಮುರಿದು ಮುಂದೆ ತಳ್ಳಿದಳು. ಮೃದುಲಾ ಅದಕ್ಕೆ ಹತ್ತಿಯ ಎಳೆ ಸುತ್ತಿ, ಚೀಲದಲ್ಲಿದ್ದ ಸ್ಪಿರಿಟ್ಟಿನಲ್ಲಿ ಅದ್ದಿ, ಗಂಧವನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದಳು. ಆರುವವರೆಗೆ ಕಾದಳು.

ಎರಡೂ ಪಿನ್ನುಗಳನ್ನು ಹಬ್‌ಗೆ ಹಾಕಿದಳು. ದೀಪ ಮಿನುಗಿತು. ಒಳಗೆ ತಟ್ಟೆ ತಿರುಗಲು ಎದ್ದಿತು, ಟಕ್ ಎಂದಿತು, ನಿಂತಿತು. ಮತ್ತೆ ಎದ್ದಿತು, ಟಕ್. ಪರದೆಯ ಮೇಲೆ ಏನೂ ಬರಲಿಲ್ಲ.

"ಸತ್ತದ," ಎಂದ ವಿಜಯೀಂದ್ರ. "ಪೂಜಾದಾಗಿಂದು ಎಬ್ಬಿಸಿದ್ರ ಹಿಂಗ ಆಗೂದು."

"ನೀ ಎತ್ತಿ ಒಗದಿದ್ದಕ್ಕ ಸತ್ತಿದ್ರ ನಿನ್ನ ಬಿಡಂಗಿಲ್ಲ," ಎಂದಳು. ಆದರೆ ಕಿವಿಗೊಟ್ಟು ಕೇಳುತ್ತಿದ್ದಳು. ಪೆಟ್ಟು ತಿಂದ ಡಿಸ್ಕ್ ಕೆರೆದಂತೆ ಸದ್ದು ಮಾಡುತ್ತದೆ. ಇದು ಕೆರೆಯುತ್ತಿರಲಿಲ್ಲ, ಏಳಲು ಹೋಗಿ ಬಲ ಸಾಲದೆ ಕೂರುತ್ತಿತ್ತು. ಹಬ್‌ಗೆ ಎಷ್ಟು ಕಿಂಡಿಗಳಿದ್ದರೂ ಅದು ಲ್ಯಾಪ್‌ಟಾಪಿನ ಒಂದೇ ಕಿಂಡಿಯ ಕರೆಂಟನ್ನು ಹಂಚಬೇಕು. ಎರಡನೆಯ ಪಿನ್ನಿಗೆ ಬೇರೆ ಕಡೆಯಿಂದ ಕರೆಂಟು ಬೇಕು.

ಪಡಸಾಲೆಯ ಗೋಡೆಯಲ್ಲಿ ಅಣ್ಣನ ಮೊಬೈಲ್ ಚಾರ್ಜರ್ ಇತ್ತು. ಅವಳು ಅದರ ವೈರನ್ನು ಕಿತ್ತು, ಎರಡನೆಯ ಪಿನ್ನನ್ನು ಅಲ್ಲಿಗೆ ಚುಚ್ಚಿದಳು.

"ಅದು ನಂದು!"

"ನಿನ್ನ ಪುಸ್ತಕಕ್ಕ ಒಂದ್ತಾಸು ಉಪವಾಸ ಇರ್ಲಿ."

ತಟ್ಟೆ ತಿರುಗಿತು. ಈ ಸಲ ನಿಲ್ಲಲಿಲ್ಲ. ಪರದೆಯ ಮೇಲೆ ಹೊಸ ಡ್ರೈವ್ ಮೂಡಿತು. ಮೃದುಲಾ ಮೊದಲು ಏನನ್ನೂ ತೆರೆಯಲಿಲ್ಲ. ಬಾವಿಗಳ ಕಡತವನ್ನು ಪೂರ್ತಿಯಾಗಿ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡಳು. ಆಮೇಲೆ ಗುಡಿಯ ಬಾವಿಯ ಫೋಟೊ ತೆರೆದಳು.

ಮಾದರಿ ತೆಗೆದ ಕಡೆಯೆಲ್ಲ ಬಾಟಲಿ, ಅದರ ಚೀಟಿ, ಹಿಂದೆ ಬಾವಿ ಒಂದೇ ಚಿತ್ರದಲ್ಲಿ ಬರಬೇಕೆಂಬುದು ಅವಳ ಪದ್ಧತಿ. ಇದರಲ್ಲಿ ಇನ್ನೊಂದಿತ್ತು. ಆ ಬಾವಿಯ ನೀರನ್ನು ಮಡಿಯಲ್ಲಿರುವ ಅರ್ಚಕರಲ್ಲದೆ ಯಾರೂ ಸೇದುವಂತಿಲ್ಲ. ಆದ್ದರಿಂದ ಒದ್ದೆ ಪಂಚೆ ಉಟ್ಟ ವಿಜಯೀಂದ್ರ ತಾಮ್ರದ ಕೊಡ ಎತ್ತಿ, ಮುಟ್ಟದಂತೆ ಮೇಲಿನಿಂದ, ತಂಗಿ ಹಿಡಿದ ಬಾಟಲಿಗೆ ನೀರು ಸುರಿಯುತ್ತಿದ್ದ. ಮುಖ ಸ್ಪಷ್ಟವಾಗಿತ್ತು.

ಪಾರ್ವತೀಬಾಯಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಯಾರೂ ಬಂದಿಲ್ಲ ಅಂತ ಸಹಿ ಹಾಕೀದೇನೋ?"

ವಿಜಯೀಂದ್ರ ಹೊಸ್ತಿಲು ದಾಟಿ ಬಂದ. "ಮೃದುಲಾ, ಇದನ್ನ ಕತ್ತರಸು. ಬಾಟ್ಲಿ, ಬಾವಿ ಅಷ್ಟ ಕಾಣ್ಲಿ. ನಿನ್ನ ಕೆಲಸಾನೂ ಆಗ್ತದ."

"ಕತ್ತರಿಸಿದ್ದು ಮೂಲ ಅಲ್ಲ. ಮೂಲ ಕೇಳ್ಯಾರ."

"ಕಮಿಟಿಯವರು ನನ್ನ ನಿಲ್ಲಿಸಿ ಕೇಳ್ತಾರ. ಗುಡಿಯಾಗ ಯಾರಿಗೆ ಮಾರಿ ತೋರಸ್ಲಿ?"

"ಕಾಲೇಜಿನಾಗ ನಾ ಯಾರಿಗೆ ತೋರಸ್ಬೇಕಿತ್ತು? ಸಹಿ ಹಾಕೂಮುಂದ ನೆನಪಾಗಿತ್ತೇನು?"

ಅವನು ಅವಳ ಭುಜದ ಮೇಲಿಂದ ಕೈ ಚಾಚಿ ಚಾರ್ಜರಿನ ಸ್ವಿಚ್ ಒತ್ತಿದ. ಡಿಸ್ಕ್ ಸುಯ್ಯೆಂದು ನಿಂತಿತು. ಫೋಟೊ ಪರದೆಯ ಮೇಲೆ ಹಾಗೇ ಇತ್ತು. ಅವನು ಅದನ್ನೇ ನೋಡುತ್ತಿದ್ದಾಗ ಮೃದುಲಾ ಮೇಲ್ ಕಳಿಸಿದಳು.

"ಹೋತು," ಎಂದಳು.

"ಮಡೀನೂ ಹೋತು," ಎಂದಳು ಪಾರ್ವತೀಬಾಯಿ. "ಆಕಿ ಮೈಗೆ ಕೈ ತಾಗ್ಯದ. ಸ್ನಾನ ಮಾಡಿ ಬಾ, ನೈವೇದ್ಯ ಬಾಕಿ ಅದ."

ವಿಜಯೀಂದ್ರ ಕದಲಲಿಲ್ಲ. ಮೃದುಲಾ ಕೇಬಲ್ ಕಿತ್ತು, ಸುತ್ತಿ, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮನೆಯ ಹೊಸ್ತಿಲ ಮೇಲೆ ಸದ್ದಾಗದಂತೆ ಇಟ್ಟಳು.

"ನಿನ್ನ ಪುಸ್ತಕ. ನಾಳೆ ವಿಸರ್ಜನ ಆದಮ್ಯಾಲ ಅವ್ವನ ಕಡೆ ಕೊಡು," ಎಂದು ಚಪ್ಪಲಿ ಮೆಟ್ಟಿದಳು. "ಮ್ಯಾಲಿಂದ ಹಾಕಬ್ಯಾಡ."