ದೇಯಿ ಅಜ್ಜಿಯ ಗಡಿಯಾರ

"ಅಲ್ಲಿ ಬೀಡಿಯ ಸುದ್ದಿ ಎತ್ತಬೇಡ ಆಯ್ತಾ? ಮನೆಯಲ್ಲೇ ಇರುವುದು ಅಂತ ಹೇಳು." ಕಾವೂರಿನಲ್ಲಿ ಬಸ್ಸು ಹತ್ತುವಾಗಲೇ ಅಮ್ಮನಿಗೆ ಹೇಳಿದ್ದೆ. ನನ್ನ ಅಮ್ಮ ದೇಯಿ ನನ್ನ ಮಾತು ಕೇಳಿದ್ದು ಯಾವತ್ತು?

ನನ್ನ ಮಗಳು ಪ್ರಾಪ್ತಿಗೆ ಎಂಟು ವರ್ಷ, ಆಟಿಸಂ ಇದೆ. ಅವಳು ತರಗತಿಯಲ್ಲಿ ಹತ್ತು ನಿಮಿಷವೂ ಕೂರುವುದಿಲ್ಲ, ನಂತೂರಿನಾಚೆಯ ವಿಶೇಷ ಶಾಲೆಗೆ ಸೇರಿಸಿ ಎಂದು ಮನೆ ಹತ್ತಿರದ ಶಾಲೆಯವರು ಟಿಸಿ ಬರೆದಿಟ್ಟಿದ್ದರು. ಆದರೆ ಅವಳ ಗೆಳತಿ ಶೈಮಾ ಇರುವುದು ಇಲ್ಲಿ. ಪ್ರಾಪ್ತಿ ಮೊದಲ ಸಲ ಹೆಸರು ಹಿಡಿದು ಕರೆದದ್ದೇ ಅವಳನ್ನು. ಬಿಟ್ಟುಕೊಡುತ್ತೇನೆಯೇ? ವಿಕಲಚೇತನರ ಆಯುಕ್ತರಿಗೆ ದೂರು ಕೊಟ್ಟೆ. ಅವರು ಮಂಗಳೂರಿಗೇ ಬಂದು ವಿಚಾರಣೆ ನಡೆಸುವ ದಿನ ಅದು. ಪ್ರಾಪ್ತಿಯನ್ನೂ ಕರೆದುಕೊಂಡು ಹೋಗಿದ್ದೆವು.

ಶಾಲೆಯ ವಕೀಲ ಸುಜಿತ್ ದಪ್ಪ ಫೈಲು ತಂದಿದ್ದರು. "ಈ ಮಗು ಹತ್ತು ನಿಮಿಷ ಕೂತದ್ದಕ್ಕೆ ಇವರ ಹತ್ತಿರ ಒಂದಾದರೂ ದಾಖಲೆ ಉಂಟಾ ಸರ್?"

ನನ್ನ ಹತ್ತಿರ ದಾಖಲೆ ಇರಲಿಲ್ಲ.

ಅಮ್ಮ ಎದ್ದು ನಿಂತಳು. "ನಾನುಂಟಲ್ಲ! ಮಗು ಓಡಿ ಬಂದರೆ ಹಿಡಿಯಲಿಕ್ಕೆ ಮನೆಯವರು ಹೊರಗೆ ಕೂರಬೇಕು ಅಂತ ಹೇಳಿದ್ದು ಇವರೇ. ಜೂನ್‌ನಿಂದ ಗೇಟಿನ ಎದುರು ಶೈಮಾಳ ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ತೇನೆ. ಮೊದಮೊದಲು ಹತ್ತು ಬೀಡಿ ಆಗುವಾಗಲೇ ಓಡಿ ಬರ್ತಿದ್ದಳು. ಈಗ ಒಂದು ಪೀರಿಯಡ್‌ಗೆ ಮೂರು ಕಟ್ಟು ಆಗ್ತದೆ, ಬೆಲ್ ಹೊಡೆದ ಮೇಲೆಯೇ ಬರುವುದು."

ನಾನು ತಲೆ ತಗ್ಗಿಸಿದೆ.

"ಬೀಡಿಯಲ್ಲಿ ಹೊತ್ತು ಅಳೆಯುವುದಾ ಅಜ್ಜಿ?" ಎಂದು ಸುಜಿತ್ ನಕ್ಕರು.

ಆಯುಕ್ತರು ನಗಲಿಲ್ಲ. "ಒಂದು ಕಟ್ಟಿಗೆ ಎಷ್ಟು ಹೊತ್ತಮ್ಮ?"

"ಇಪ್ಪತ್ತೈದು ಬೀಡಿಗೆ ಹನ್ನೆರಡು ನಿಮಿಷ. ನಲವತ್ತು ವರ್ಷದಿಂದ ಅಷ್ಟೇ. ಬೇಕಾದರೆ ನೋಡಿ."

ಆಯುಕ್ತರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅಮ್ಮ ಕೂತು ಕಣ್ಣು ಮುಚ್ಚಿದಳು. ಎಲೆಯಿಲ್ಲ, ಹೊಗೆಸೊಪ್ಪಿಲ್ಲ, ನೂಲಿಲ್ಲ. ಬರಿಗೈಯಲ್ಲೇ ಬೆರಳುಗಳು ಸುತ್ತಿದವು, ಮಡಚಿದವು, ಕಟ್ಟಿದವು. ಸುಜಿತ್ ಕೂಡ ಬಗ್ಗಿ ಆ ಬೆರಳುಗಳನ್ನೇ ನೋಡತೊಡಗಿದರು. ಈ ಬೆರಳುಗಳೇ ನನ್ನನ್ನು ಓದಿಸಿದ್ದು. ಅವನ್ನು ಮುಚ್ಚಿಡಲು ಹೊರಟ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಕಟ್ಟಾಯ್ತು," ಎಂದಳು ಅಮ್ಮ.

"ಹನ್ನೆರಡು ನಿಮಿಷ, ಇಪ್ಪತ್ತು ಸೆಕೆಂಡು," ಎಂದ ಆಯುಕ್ತರ ಕಣ್ಣು ಅಮ್ಮನ ಪಕ್ಕದ ಕುರ್ಚಿಗೆ ಹೋಯಿತು. ಅಲ್ಲಿ ಪ್ರಾಪ್ತಿ ಕೂತಿದ್ದಳು. ಮಡಿಲಲ್ಲಿ ಅವಳ ಪುಟ್ಟ ಬೆರಳುಗಳೂ ಅಜ್ಜಿಯ ಹಾಗೆಯೇ, ಇಲ್ಲದ ಬೀಡಿಯನ್ನು ಸುತ್ತುತ್ತಿದ್ದವು.

"ವಕೀಲರೇ, ಇಷ್ಟು ಹೊತ್ತು ಈ ಮಗು ಎದ್ದದ್ದನ್ನು ನೋಡಿದಿರಾ?"

ಸುಜಿತ್ ಫೈಲು ಮುಚ್ಚಿದರು. "ಇಲ್ಲ ಸರ್."

ಟಿಸಿ ರದ್ದಾಯಿತು. ಪ್ರಾಪ್ತಿ ಅದೇ ಶಾಲೆಯಲ್ಲಿ ಓದಬೇಕು, ಅವಳಿಗೆ ಸಹಾಯಕ್ಕೊಬ್ಬರು ಟೀಚರನ್ನೂ ಶಾಲೆಯೇ ಕೊಡಬೇಕು ಎಂದು ಆಯುಕ್ತರು ಅಲ್ಲೇ ಆದೇಶ ಬರೆಸಿದರು.

ಹೊರಡುವಾಗ ಕಚೇರಿಯ ಚೈತಾಲಿ ಮೇಡಂ ಅಮ್ಮನ ಹೇಳಿಕೆಯ ಹಾಳೆ ಹಿಡಿದು ಬಂದರು. "ಇವರ ಉದ್ಯೋಗ ಎಂತ ಬರೆಯುವುದು? ಮನೆಯಲ್ಲೇ ಇರುವುದು ಅಂತ ಹಾಕಲಾ?"

ಅಮ್ಮ ನನ್ನ ಮುಖ ನೋಡಿದಳು.

"ಬೀಡಿ ಕಟ್ಟುವುದು ಅಂತ ಬರೆಯಿರಿ ಮೇಡಂ," ಎಂದೆ, ಇಡೀ ಕೋಣೆಗೆ ಕೇಳುವಂತೆ.