ನನ್ನ ಹದಿನಾಲ್ಕು ದೋಷಗಳು

ಇಪ್ಪತ್ತೇಳು ವರ್ಷ ನಾನು ಗಾಜಿನ ಬಾಟಲಿಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು. ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ, ಅವುಗಳ ಹಿಂದೆ ಬಿಳಿ ದೀಪದ ಪರದೆ, ಮುಂದೆ ನಾನು. ಗುಳ್ಳೆಯೋ ಬಿರುಕೋ ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು, ಪಾಳಿ ಮುಗಿದ ಮೇಲೆ ಒಂದೊಂದನ್ನೂ ಹಾಳೆಯಲ್ಲಿ ಬರೆಯಬೇಕು. ಹಾಳೆ ಖಾಲಿ ಬಿಟ್ಟರೆ ಬಾಟಲಿಗಳು ಚೆನ್ನಾಗಿದ್ದವು ಅಂತ ಯಾರೂ ನಂಬುವುದಿಲ್ಲ, ಇವಳು ನಿಂತಲ್ಲೇ ನಿದ್ದೆ ಹೊಡೆದಿದ್ದಾಳೆ ಅಂತಲೇ ತೀರ್ಮಾನ. ಸೇರಿದ ಮೊದಲ ವಾರ ಹಾಗೊಂದು ಖಾಲಿ ಹಾಳೆ ಕೊಟ್ಟು ಎಲ್ಲರೆದುರು ಉಗಿಸಿಕೊಂಡಿದ್ದೆ. ಅಂದಿನಿಂದ ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಐವತ್ಮೂರು ತುಂಬಿದ ತಿಂಗಳು, ಇನ್ನು ಸಾಕು ಅನ್ನಿಸಿತು. ನನ್ನ ತಂಗಿ ಬೇರೆ ಊರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅಂಗಡಿಯ ಮೇಲೆ ಎರಡು ಕೋಣೆ ಖಾಲಿ ಇವೆ. "ಬಂದ್ಬಿಡಕ್ಕ, ಗಿರಾಕಿಗಳನ್ನ ನೀನು ನೋಡ್ಕೋ, ಸೂಜಿ ನಾನು ನೋಡ್ಕೋತೀನಿ" ಅಂತ ಎರಡು ವರ್ಷದಿಂದ ಕರೆಯುತ್ತಿದ್ದಳು. ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುವವರು, ಅವರ ಅಂಗಡಿಯೇ ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತದೆ. ಹಾಗಾಗಿ ನಾನು ರಾಜೀನಾಮೆ ಬರೆದುಕೊಟ್ಟೆ.

ಮ್ಯಾನೇಜರು ಅದನ್ನು ಓದಿ ನಕ್ಕ. "ಕಂಪನಿ ವಿಮೆ ನೀವು ಬಿಟ್ಟ ದಿನಾನೇ ನಿಲ್ಲುತ್ತೆ, ನಿಮ್ಮಿಬ್ಬರದೂ. ಇನ್ನೈದು ವರ್ಷ ಇದ್ರೆ ಆಮೇಲೂ ಮುಂದುವರಿಸ್ತೀವಿ. ಈ ವಯಸ್ಸಲ್ಲಿ ಹೊರಗಡೆ ನಿಮಗೆ ಯಾರು ಕೊಡ್ತಾರೆ? ಮುಂದಿನ ಶುಕ್ರವಾರದ ತನಕ ಟೈಮಿದೆ. ಇದನ್ನ ವಾಪಸ್ ತಗೋತೀರಿ ಬಿಡಿ."

ಆ "ಬಿಡಿ" ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಮೆ ಇಲ್ಲದೆ ಊರು ಬಿಡುವಷ್ಟು ಧೈರ್ಯ ನನಗೂ ಇಲ್ಲ. ಒಂದು ಸಲ ಆಸ್ಪತ್ರೆ ಸೇರಿದರೆ ನಮ್ಮ ಉಳಿತಾಯವೆಲ್ಲ ನೀರಾಗಿ ಹೋಗುತ್ತದೆ.

ಒಬ್ಬ ಏಜೆಂಟನನ್ನು ಹಿಡಿದು ಹೊರಗಿನ ವಿಮೆ ಕಂಪನಿಗೆ ಇಬ್ಬರೂ ಅರ್ಜಿ ಹಾಕಿದೆವು. ಮನೆಯವರಿಗೆ ಎರಡೇ ದಿನದಲ್ಲಿ ಪಾಲಿಸಿ ಸಿಕ್ಕಿತು. ಹಲ್ಲು ಬಿಟ್ಟರೆ ಇನ್ನೇನೂ ರಿಪೇರಿ ಇಲ್ಲದ ಮನುಷ್ಯ. ನನ್ನ ಫಾರಂ ನಾನೇ ತುಂಬಿದೆ. "ಈಗಿರುವ ಅಥವಾ ಹಿಂದೆ ಇದ್ದ ತೊಂದರೆಗಳನ್ನು ವಿವರಿಸಿ" ಅಂತ ಕೇಳಿ ಕೆಳಗೆ ಒಂದೇ ಗೆರೆ ಬಿಟ್ಟಿದ್ದರು. ನನಗೆ ಸಾಲಲಿಲ್ಲ. ಎರಡು ಹಾಳೆ ಬೇರೆ ಲಗತ್ತಿಸಿದೆ, ಅಂಕಿ ಹಾಕಿ ಹದಿನಾಲ್ಕು. ಒಂದು, ಬಲ ಮಂಡಿ, ಮೆಟ್ಟಿಲು ಇಳಿಯುವಾಗ ಕಟಕಟ. ನಾಲ್ಕು, ಕಿವಿಯಲ್ಲಿ ಸದಾ ಜುಂಯ್ ಅನ್ನುವ ಸದ್ದು. ಏಳು, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ. ಹನ್ನೊಂದು, ಸ್ಟೂಲಿನಿಂದ ಬಿದ್ದು ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಹದಿನಾಲ್ಕು, ಬೆಳಗ್ಗೆ ಎದ್ದ ಕೂಡಲೇ ಮೂರು ಸೀನು. ಇಷ್ಟು ಅಚ್ಚುಕಟ್ಟಾದ ಹಾಳೆ ಅವರು ಜನ್ಮದಲ್ಲಿ ನೋಡಿರಲಿಕ್ಕಿಲ್ಲ ಅಂತ ಒಳಗೊಳಗೇ ಬೀಗಿದ್ದೆ.

ಮಂಗಳವಾರ ಉತ್ತರ ಬಂತು. ಕಂತು ಮಾಮೂಲಿಗಿಂತ ಮೂರು ಪಟ್ಟು. ಅದರ ಮೇಲೆ ಮಂಡಿ, ಸೊಂಟ, ಕಣ್ಣು, ಕಿವಿ, ಮೂಗು, ಕೈ, ಹೊಟ್ಟೆ, ಇವಕ್ಕೆ ಏನಾದರೂ ಆದರೆ ವಿಮೆ ಅನ್ವಯಿಸುವುದಿಲ್ಲ.

ಮನೆಯವರು ಕನ್ನಡಕ ಏರಿಸಿಕೊಂಡು ಓದಿದರು. "ಇನ್ನು ಉಳಿದಿದ್ದು ಕೂದಲು, ಉಗುರು. ಅವಕ್ಕೆ ಧಾರಾಳವಾಗಿ ಕೊಡ್ತಾರಂತೆ ನೋಡೇ."

ನಾನು ನಕ್ಕೆ. ನಗುತ್ತಿದ್ದ ಹಾಗೇ ಅಳು ಬಂತು. ಮೂರು ಪಟ್ಟು ಅಂದರೆ ನಾವು ಆ ಊರಲ್ಲಿ ತಿಂಗಳು ತಿಂಗಳು ತಿನ್ನಬೇಕಾದ ಅನ್ನದಲ್ಲಿ ಅರ್ಧ.

ಬುಧವಾರ ಏಜೆಂಟು ಮನೆಗೇ ಬಂದ. ನನ್ನ ಹಾಳೆಗಳನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, "ಅಮ್ಮಾ, ಇದನ್ನೆಲ್ಲ ಬರೀರಿ ಅಂತ ನಿಮಗೆ ಹೇಳಿದ್ಯಾರು?" ಅಂದ.

"ಫಾರಮ್ಮೇ ಕೇಳಿತ್ತಲ್ಲಪ್ಪ."

"ಕೇಳುತ್ತೆ. ಎಲ್ಲರೂ 'ಇಲ್ಲ' ಅಂತಾರೆ. ಬೇರೆ ಕಂಪನಿದು ಹೊಸ ಫಾರಂ ತಂದಿದೀನಿ. ಎಲ್ಲದಕ್ಕೂ 'ಇಲ್ಲ' ಅನ್ನಿ, ನಾಳೆ ಸಂಜೆ ಪಾಲಿಸಿ ನಿಮ್ಮ ಕೈಲಿ."

ಮನೆಯವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿಟ್ಟರು. "ಬರೆದುಬಿಡೇ, ಊರಿಗೆಲ್ಲ ಆಗಿದ್ದು ನಮಗೂ ಆಗುತ್ತೆ."

ಬರೆದೆ. ಸುಳ್ಳೇಕೆ ಹೇಳಲಿ, ಐದು ಸಲ 'ಇಲ್ಲ' ಬರೆದೆ. ಆರನೆಯದಕ್ಕೆ ನಮ್ಮ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿದ್ದ ಅಕ್ಕನ ಮುಖ ಕಣ್ಣೆದುರು ಬಂತು. ನನಗಿಂತ ಮೊದಲೇ ಕೆಲಸ ಬಿಟ್ಟವಳು ಅವಳು, ಹೀಗೇ 'ಇಲ್ಲ' ಅಂತ ಬರೆದವಳು. ಆಪರೇಷನ್ನಿನ ದಿನ ಬೆಳಗ್ಗೆ ವಿಮೆಯವರು ಯಾವುದೋ ಹಳೇ ಔಷಧಿ ಚೀಟಿ ಹಿಡಿದು ಕೈ ಎತ್ತಿಬಿಟ್ಟರು. ಆಸ್ಪತ್ರೆ ಬಿಲ್ಲಿಗೆ ಅವಳ ಮನೆ ಹೋಯಿತು. ಬಿರುಕು ಬಿಟ್ಟ ಬಾಟಲಿ ಫ್ಯಾಕ್ಟರಿಯಲ್ಲಿ ಒಡೆಯುವುದಿಲ್ಲ, ಯಾರದೋ ಮನೆಯಲ್ಲಿ, ಯಾರದೋ ಕೈಯಲ್ಲಿ ಒಡೆಯುತ್ತದೆ. ನಾನು ಫಾರಮ್ಮನ್ನು ನಾಲ್ಕು ತುಂಡು ಮಾಡಿ ಏಜೆಂಟನ ಚಹಾ ಲೋಟದ ಪಕ್ಕ ಇಟ್ಟೆ. ಅವನು ಚಹಾ ಕುಡಿಯದೇ ಎದ್ದುಹೋದ.

ಗುರುವಾರ ರಜೆ ಹಾಕಿ ಮೊದಲಿನ ವಿಮೆ ಕಚೇರಿಗೇ ಹೋದೆ. ಗಾಜಿನ ಹಿಂದೆ ಕೂತಿದ್ದ ಹುಡುಗಿ ನನ್ನ ನಂಬರು ಒತ್ತಿ ನೋಡಿ, "ಸಿಸ್ಟಮ್ ತೀರ್ಮಾನ ಮಾಡಿದೆ ಮೇಡಂ, ನಾವೇನೂ ಮಾಡೋಕಾಗಲ್ಲ" ಅಂದಳು.

"ನಿಮ್ಮ ಸಿಸ್ಟಮ್‌ಗೆ ಮಂಡಿ ಇದೆಯೇನಮ್ಮ?"

"ಇಲ್ಲ..."

"ಹಾಗಾದ್ರೆ ಮಂಡಿ ಇರೋರನ್ನ ಯಾರನ್ನಾದ್ರೂ ಕರಿ. ನಾನು ಕೂತಿರ್ತೀನಿ."

ಕೂತೆ. ಹತ್ತು ಗಂಟೆಗೆ ಕೂತವಳು ಮೂರರವರೆಗೂ ಜಗ್ಗಲಿಲ್ಲ. ಬಾಗಿಲ ಕಾವಲಿನವನು ಎರಡು ಸಲ ಬಂದು ಕೆಮ್ಮಿದ. ಅವನಿಗೂ ಒಂದು ಪಾಲಿಸಿ ಮಾಡಿಸಿಕೊಳ್ಳಲು ಹೇಳಿದೆ. ಕೊನೆಗೆ ಅವರ ಡಾಕ್ಟರಮ್ಮ ಒಳಗೆ ಕರೆದರು, ನನ್ನದೇ ವಯಸ್ಸಿನವರು. ಹಾಳೆಗಳನ್ನು ಓದುತ್ತ ಹೋಗಿ, ಸೀನು ಬಂದಾಗ ನಕ್ಕುಬಿಟ್ಟರು.

"ನಗಬೇಡಿ ಡಾಕ್ಟ್ರೇ" ಅಂದೆ. "ನಮ್ಮ ಬಾಟಲಿ ಫ್ಯಾಕ್ಟರೀಲಿ ದೋಷ ಅಂದ್ರೆ ಮೂರು ಥರ. ಎಸೆಯೋದು, ಬರೆದಿಟ್ಟು ಕಳಿಸೋದು, ಸುಮ್ಮನೆ ನೋಡಿ ಬಿಡೋದು. ನಾನು ಎಲ್ಲಾನೂ ಬರೆದೆ. ನೀವು ಎಲ್ಲಾನೂ ಎಸೆಯೋ ಡಬ್ಬಕ್ಕೆ ಹಾಕಿದೀರಿ. ವಿಂಗಡಿಸೋದು ನಿಮ್ಮ ಕೆಲಸ ತಾನೇ?"

ಅವರು ನಗು ನಿಲ್ಲಿಸಿದರು. ಮಂಡಿ ಒತ್ತಿದರು, ಬೆರಳು ಮಡಚಿಸಿದರು, ಪಕ್ಕದ ಕೋಣೆಯಲ್ಲಿ ಕಿವಿಗೆ ಯಂತ್ರ ಇಟ್ಟು ಪರೀಕ್ಷೆ ಮಾಡಿಸಿದರು. ಹದಿನಾಲ್ಕರಲ್ಲಿ ಒಂಬತ್ತನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದರು, ಅವು ಕಾಯಿಲೆಗಳೇ ಅಲ್ಲ. ರಕ್ತದೊತ್ತಡ ಉಳಿಯಿತು. ಅದಕ್ಕೆ ಎರಡು ವರ್ಷ ಕಾಯಬೇಕು, ಮೂರು ಪಟ್ಟಿನ ಬದಲು ಮಾಮೂಲಿ ಕಂತಿಗೆ ಕಾಲು ಭಾಗ ಸೇರುತ್ತದೆ. ಕಂತು ಇನ್ನೂ ಕಚ್ಚುತ್ತದೆ, ಆದರೆ ನುಂಗುವುದಿಲ್ಲ.

"ಮಂಡಿ, ಸೊಂಟ, ಕಣ್ಣು, ಕಿವಿ, ಈ ನಾಲ್ಕನ್ನ ನಾನು ಹೊಡೆದುಹಾಕೋಕಾಗಲ್ಲ" ಅಂದರು. "ಇವಕ್ಕೆ ವಿಮೆ ಸಿಗಲ್ಲ. ದಿನಕ್ಕೆ ಎಷ್ಟು ಗಂಟೆ ನಿಲ್ತಿದ್ರಿ?"

"ಎಂಟು."

"ಫ್ಯಾಕ್ಟರಿ ಸದ್ದಿಗೆ ಕಿವಿಗೆ ಏನಾದರೂ ಕೊಡ್ತಿದ್ರಾ?"

"ಮೊದಲು ಹತ್ತಿ ಕೊಡ್ತಿದ್ರು. ಆಮೇಲೆ ಅದೂ ಇಲ್ಲ."

ಅವರು ಬೇರೆ ಒಂದು ಹಾಳೆ ತೆಗೆದುಕೊಂಡು, ಈ ನಾಲ್ಕೂ ಹಲವು ವರ್ಷ ನಿಂತು, ಸದ್ದಿನಲ್ಲಿ, ದೀಪ ದಿಟ್ಟಿಸುತ್ತ ದುಡಿದದ್ದರಿಂದ ಬಂದವು ಅಂತ ಬರೆದು ಸಹಿ ಹಾಕಿದರು. "ಇದು ವಿಮೆಗಲ್ಲ. ನಿಮಗೆ" ಅಂದರು. ಕೆಳಗೆ ಬಂದು ಮೊದಲ ಕಂತು ಕಟ್ಟಿದೆ.

ರಾತ್ರಿ ಊಟಕ್ಕೆ ಕೂತಾಗ ಮನೆಯವರ ತುತ್ತು ಬಾಯಿಗೆ ಹೋಗಲಿಲ್ಲ. "ಆ ನಾಲ್ಕರಲ್ಲೇ ಏನಾದ್ರೂ ಆದ್ರೆ ಏನೇ ಮಾಡೋದು? ಕಂಪನಿ ವಿಮೆಯಲ್ಲಾದ್ರೆ ಎಲ್ಲಾ ಇತ್ತು. ರಾಜೀನಾಮೆ ವಾಪಸ್ ತಗೊಂಡುಬಿಡು. ಐದೇ ವರ್ಷ ತಾನೇ."

"ರೀ, ಆ ನಾಲ್ಕನ್ನ ಕೊಟ್ಟಿದ್ದೇ ಆ ಕಂಪನಿ. ಇನ್ನೂ ಐದು ವರ್ಷ ಅಲ್ಲೇ ನಿಂತು ಐದನೇದನ್ನೂ ಮಾಡಿಸಿಕೊಂಡು ಬರ್ಲಾ?"

ಅವರು ತುತ್ತು ತಟ್ಟೆಗೇ ಇಟ್ಟು ಎದ್ದು ಕೈ ತೊಳೆದರು. ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, "ಬರಿ" ಅಂದರು.

ಶುಕ್ರವಾರ ಮ್ಯಾನೇಜರನ ಕೋಣೆಗೆ ಹೋದಾಗ ಅವನು ನನ್ನ ರಾಜೀನಾಮೆಯನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡೇ ಕೂತಿದ್ದ. "ಬನ್ನಿ ಬನ್ನಿ. ನಿಮಗೊಂದು ಕುರ್ಚಿ ಹಾಕಿಸೋಣ ಅಂತಿದೀನಿ, ಕೂತ್ಕೊಂಡೇ ಕೆಲಸ ಮಾಡಿ."

ಇಪ್ಪತ್ತೇಳು ವರ್ಷದಲ್ಲಿ ಆರು ಸಲ ಕೇಳಿದ್ದ ಕುರ್ಚಿ ಅದು. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ಡಾಕ್ಟರಮ್ಮನ ಹಾಳೆಯ ಒಂದು ಪ್ರತಿಯನ್ನೂ ರಾತ್ರಿ ಬರೆದ ನನ್ನ ಪತ್ರವನ್ನೂ ಅವನ ಮುಂದಿಟ್ಟೆ. ಈ ನಾಲ್ಕು ಅಂಗಗಳ ಚಿಕಿತ್ಸೆಯ ಖರ್ಚು ಕಂಪನಿಯದು, ನಾನು ಯಾವ ಊರಲ್ಲಿದ್ದರೂ ಸರಿ, ಅಂತ ಬರೆದಿದ್ದೆ.

"ಮುಟ್ಟಿದೆ ಅಂತ ಇಲ್ಲಿ ಸಹಿ ಹಾಕಿ. ಇಲ್ಲ ಅಂದ್ರೆ ಇದೇ ಕಾಗದ ಕಾರ್ಮಿಕ ಇಲಾಖೆಗೆ ಹೋಗುತ್ತೆ."

ಅವನು ಓದಿದ. ಮುಖ ಹುಳ್ಳಗಾಯಿತು. ಇನ್ನೊಂದು ಸಲ ಓದಿ ಸಹಿ ಹಾಕಿದ. ಕಾಗದ ನನ್ನ ಕಡೆ ತಳ್ಳುತ್ತ, ನಿಜವಾಗಿಯೂ ನೊಂದವನ ಹಾಗೆ, "ಅಲ್ಲಮ್ಮ, ಇಷ್ಟೆಲ್ಲ ನೋವಿತ್ತು ಅಂದ್ರೆ ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬಾರದಿತ್ತಾ?" ಅಂದ.

"ದಿನಾ ಸಂಜೆ ಹಾಳೆ ಕೊಡ್ತಿದ್ದೆನಲ್ಲ ಸಾರ್" ಅಂದೆ. "ನೀವು ಕೇಳ್ತಿದ್ದಿದ್ದು ಬಾಟಲಿಗಳ ಬಗ್ಗೆ."